ಚಿತ್ರ ಮೊದಲು, ಕಥೆ ಆಮೇಲೆ

ಹೈದರಾಬಾದಿನ ನಾಚಾರಂನಲ್ಲಿ, ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆಯೊಳಗೆ ಕೂತು ಶರಣಬಸಮ್ಮ ಮಕ್ಕಳಿಗಾಗಿ ಇನ್ನೂರಾ ಹದಿನಾರು ಪುಸ್ತಕ ಬರೆದಳು. ಓಣಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಓಣಿಯವರದು ತೆಲುಗು, ಅವಳ ಪುಸ್ತಕ ಕನ್ನಡದವು. ಅಲ್ಲಿನವರಿಗೆ ಅವಳು ಡಬ್ಬಿ ಕಾರ್ಖಾನೆಯ ಗುರುಬಸವನ ಹೆಂಡತಿ, ಆಫೀಸಿಗೆ ಹೋಗುವ ಮಂದಾರಳ ತಾಯಿ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವ ಮುದುಕಿ, ಅಷ್ಟೇ. ಪುಸ್ತಕ ಓದಿದ ಮಕ್ಕಳು ಸೇಡಂ, ಯಾದಗಿರಿ, ಹುಮನಾಬಾದದ ಕಡೆ ಇದ್ದರು. ಅಲ್ಲಿನ ಕಿರಾಣಿ ಅಂಗಡಿಗಳಲ್ಲಿ ಸ್ಲೇಟು, ಬಳಪ, ರಬ್ಬರಿನ ಪಕ್ಕದಲ್ಲಿ ದಾರಕ್ಕೆ ಜೋತುಬಿದ್ದಿರುತ್ತಿದ್ದ ಮೂವತ್ತೆರಡು ಪುಟದ ಪುಸ್ತಕಗಳು ಅವು. ಬರೆದವರು ಯಾರೆಂದು ಆ ಮಕ್ಕಳಿಗೂ ಗೊತ್ತಿರಲಿಲ್ಲ. ಹೆಸರು ಹಿಂದಿನ ರಟ್ಟಿನ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕು, ಅಷ್ಟು ಸಣ್ಣಕ್ಕೆ ಇರುತ್ತಿತ್ತು.

ಬರೆಯುವವಳಾಗಬೇಕೆಂದು ಅವಳೇನೂ ಹೊರಟವಳಲ್ಲ. ಚಿತ್ತಾಪುರದ ಕಡೆಯ ಹಳ್ಳಿಯಲ್ಲಿ ಐದನೆಯ ಇಯತ್ತೆ ಮುಗಿಸಿದ್ದಳು, ಹದಿನೆಂಟಕ್ಕೆ ಗುರುಬಸವನ ಕೈಹಿಡಿದು ಹೈದರಾಬಾದಿಗೆ ಬಂದಿದ್ದಳು. ಅವನದು ಎಣ್ಣೆ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮಂದಾರಳಿಗೆ ನಾಲ್ಕು ತುಂಬಿದಾಗ ಸ್ಲೇಟು ತರಲು ಬೇಗಂ ಬಜಾರಿನ ಕಲ್ಯಾಣಪ್ಪನ ಅಂಗಡಿಗೆ ಹೋದಳು. ಅದು ಠೋಕ್ ಅಂಗಡಿ, ಸ್ಲೇಟು ಡಜನ್ನಿನ ಲೆಕ್ಕದಲ್ಲಿ ಮಾರುವಂಥದ್ದು. ಆದರೆ ಕಲ್ಯಾಣಪ್ಪ ಹುಮನಾಬಾದದವನು, ನಮ್ಮ ಕಡೆಯವರೆಂದರೆ ಒಂದಾದರೂ ತೆಗೆದುಕೊಡುತ್ತಿದ್ದ. ಅವತ್ತು ಅಂಗಡಿಯ ಮುಂದೆ ಬಣ್ಣದ ಚಿತ್ರಗಳ ದೊಡ್ಡ ರಾಶಿ ಬಿದ್ದಿತ್ತು. ಮೇಲಿನ ಚಿತ್ರದಲ್ಲಿ ರಾಕ್ಷಸನೊಬ್ಬ ಸೊಂಟದ ತನಕ ಮಡಕೆಯೊಳಗೆ ಕೂತಿದ್ದ.

"ಅವ್ವಾ, ಅವ ಯಾಕ ಮಡಕ್ಯಾಗ ಕುಂತಾನ?" ಎಂದು ಮಗಳು ಕೇಳಿದಳು.

"ಹೊರಗ ಬಂದ್ರ ಹೆಂಡ್ತಿ ಬೈತಾಳ, ಅದಕ್ಕ."

"ಯಾಕ ಬೈತಾಳ?"

"ಮಡಕಿ ತೊಳಿ ಅಂತ ಹೇಳಿದ್ಲು ಆಕಿ. ಇವ ತೊಳ್ಯಾಕ ಇಳಿದಾವ ಅಲ್ಲೇ ನಿದ್ದಿ ಹೊಡದ. ಎದ್ದು ನೋಡ್ತಾನ, ಹೊಟ್ಟಿ ಸಿಕ್ಕೊಂಡೈತಿ."

ಕಲ್ಯಾಣಪ್ಪ ಕಟ್ಟು ಬಿಗಿಯುವುದನ್ನು ಬಿಟ್ಟು ತಲೆ ಎತ್ತಿದ. "ಮುಂದೇನಾತು ತಂಗಿ?"

"ಮುಂದೇನ್ರಿ, ಸ್ಲೇಟ್ ಕೊಡ್ರಿ. ಬಸ್ಸು ಹೋಗ್ತೈತಿ."

"ಸ್ಲೇಟ್ ಕೊಡ್ತೀನಿ ತಡಿ. ಮೊದಲ ಅವನ ಹೊಟ್ಟಿ ಬಿಡಸು."

ವಿಷಯ ಏನೆಂದರೆ, ತೆಲುಗಿನ ಮಕ್ಕಳ ಪುಸ್ತಕ ಹಾಕುತ್ತಿದ್ದ ಪ್ರೆಸ್ಸೊಂದು ಬಾಗಿಲು ಹಾಕಿತ್ತು. ಅಲ್ಲಿ ಮುಖಪುಟದ ಚಿತ್ರಗಳು ಒಂದೊಂದು ನಮೂನೆಯವು ಐದೈದು ಸಾವಿರ ಉಳಿದಿದ್ದವು. ಅಕ್ಷರ ಇನ್ನೂ ಬಿದ್ದಿರಲಿಲ್ಲ, ಬರೀ ಚಿತ್ರ. ಕಲ್ಯಾಣಪ್ಪ ಅವನ್ನೆಲ್ಲ ರದ್ದಿ ಕಾಗದದ ಬೆಲೆಗೆ ಎತ್ತಿಕೊಂಡು ಬಂದಿದ್ದ. ಸ್ಲೇಟಿನ ಜೊತೆ ಕನ್ನಡದ ಕಥೆ ಪುಸ್ತಕವನ್ನೂ ಊರ ಕಡೆ ಕಳಿಸೋಣ ಎಂಬ ಲೆಕ್ಕಾಚಾರ ಅವನದು. ರಟ್ಟು ಇತ್ತು, ಒಳಗೆ ಹಾಕಲು ಏನೂ ಇರಲಿಲ್ಲ. ಮಡಕೆಯ ರಾಕ್ಷಸನ ಚಿತ್ರವನ್ನೂ ಎರಡು ನೋಟುಬುಕ್ಕನ್ನೂ ಶರಣಬಸಮ್ಮನ ಚೀಲಕ್ಕೆ ಹಾಕಿ, "ಮಾತಾಡಿದಂಗ ಬರಿ, ಕಾಗುಣಿತ ಪ್ರೆಸ್ಸಿನವ್ರು ನೋಡ್ಕೋತಾರ" ಎಂದು ಕಳಿಸಿದ. ಆ ಗಡಿಬಿಡಿಯಲ್ಲಿ ಸ್ಲೇಟು ಅಲ್ಲೇ ಉಳಿಯಿತು.

ಅಲ್ಲಿಂದ ಮೂವತ್ತಾರು ವರ್ಷ ಇದೇ ನಡೆಯಿತು. ಚಿತ್ರ ಮೊದಲು ಬರುತ್ತಿತ್ತು, ಕಥೆ ಆಮೇಲೆ. ಬಂದ ಚಿತ್ರವನ್ನು ಅವಳು ಒಲೆಯ ಎದುರಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದಳು. ಮೂರು ದಿನ ಸಾರು ಕುದಿಸುತ್ತ, ರೊಟ್ಟಿ ಬಡಿಯುತ್ತ ಅದನ್ನು ನೋಡುವುದು. ನಾಲ್ಕನೆಯ ದಿನ ಗುರುಬಸವ ಕಾರ್ಖಾನೆಗೆ ಹೋದ ಮೇಲೆ ಬಾಗಿಲಿಗೆ ಒರಗಿ ಕೂತು ಶುರು ಮಾಡುವುದು. ಚಿತ್ರದಲ್ಲಿ ಏನು ತಪ್ಪಿದ್ದರೂ ಅದಕ್ಕೆ ಕಥೆಯಲ್ಲಿ ಜಾಗ ಮಾಡಬೇಕಿತ್ತು, ಯಾಕೆಂದರೆ ಐದು ಸಾವಿರ ರಟ್ಟು ತಿದ್ದಲು ಬರುವುದಿಲ್ಲವಲ್ಲ. ಒಮ್ಮೆ ಬಂದ ಹುಲಿಗೆ ಐದು ಕಾಲಿದ್ದವು. ಚಿತ್ರ ಬರೆದವನು ಬಾಲವನ್ನೂ ಕಾಲು ಮಾಡಿಬಿಟ್ಟಿದ್ದ. ಅವಳು ಆ ಹುಲಿಯಿಂದ ಕುಂಟ ಜಿಂಕೆಗೆ ಒಂದು ಕಾಲು ಸಾಲ ಕೊಡಿಸಿದಳು. ಇನ್ನೊಮ್ಮೆ ಒಂದೇ ದೈತ್ಯ ಅರ್ಧ ರಟ್ಟುಗಳ ಮೇಲೆ ಹಸಿರು, ಇನ್ನರ್ಧದ ಮೇಲೆ ನೀಲಿ ಅಚ್ಚಾಗಿ ಬಂದ. ಪ್ರೆಸ್ಸಿನವರ ಶಾಯಿ ಮುಗಿದಿತ್ತಂತೆ. ಅವಳು ಅಣ್ಣ ತಮ್ಮ ಎಂದು ಎರಡು ಪುಸ್ತಕ ಮಾಡಿದಳು. ಕಲ್ಯಾಣಪ್ಪ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳ ಎಲ್ಲ ಪುಸ್ತಕಗಳೂ ಒಂದೇ ರೀತಿ ಶುರುವಾಗುತ್ತಿದ್ದವು: 'ಮುಖಪುಟದ ಮೇಲೆ ನಿಂತಿದ್ದಾನಲ್ಲ, ಅವನೇ ಈ ಕಥೆಯವನು.' ಹೆಣ್ಣಾದರೆ ಅವಳೇ, ಕುದುರೆಯಾದರೆ ಅದೇ. ಹೀಗೆ ಶುರು ಮಾಡಿದರೆ ಕಥೆ ತಾನೇ ಹೊರಡುತ್ತಿತ್ತು.

ವರ್ಷಗಳು ಹೋದವು. ತೆಲುಗಿನ ರಾಶಿ ಮುಗಿದ ಮೇಲೆ ಕಲ್ಯಾಣಪ್ಪ ಬೇರೆ ಬೇರೆ ಪ್ರೆಸ್ಸುಗಳಿಂದ ಉಳಿದ ಚಿತ್ರ ತರಿಸುತ್ತಲೇ ಇದ್ದ. ಮಂದಾರ ದೊಡ್ಡವಳಾಗಿ ಮಾದಾಪುರದ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದಳು. ಮದುವೆ ಬೇಡವೆಂದಳು, ಆ ಮಾತು ಅಲ್ಲಿಗೇ ನಿಂತಿತು. ಏಳು ವರ್ಷದ ಹಿಂದೆ ಗುರುಬಸವ ತೀರಿಕೊಂಡ. ಆಮೇಲೆ ಕಲ್ಯಾಣಪ್ಪನೂ ಹೋದ, ಅವನ ಮಗ ವಿಶ್ವಜಿತ್ ಗಲ್ಲೆಯ ಮೇಲೆ ಕೂತ. ಶರಣಬಸಮ್ಮ ಇಬ್ಬರ ಸಾವಿಗೂ ಅತ್ತಳು, ಅತ್ತು ಎದ್ದು ಗೋಡೆಗೆ ಅಂಟಿಸಿದ್ದ ಚಿತ್ರ ಮುಗಿಸಿದಳು. ಗಂಡನ ದಿನದ ಕಾರ್ಯದ ವಾರದಲ್ಲಿ ಗೋಡೆಯ ಮೇಲಿದ್ದದ್ದು ಕೊಡೆ ಹಿಡಿದ ಕಪ್ಪೆ. ಅದರ ಕಥೆ ಏನು ಬರೆದಳೋ ಅವಳಿಗೆ ಈಗ ನೆನಪಿಲ್ಲ.

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ವಿಶ್ವಜಿತ್ ಸ್ಕೂಟರಿನಲ್ಲಿ ಏಳು ಚಿತ್ರ ತಂದ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಏಳೂ ಆಗಬೇಕೆಂದ. ಶರಣಬಸಮ್ಮ ಅವನ್ನು ಒಂದೊಂದೇ ತಿರುವಿ ನೋಡಿದಳು. ಬಲೂನಿಗೆ ಕಟ್ಟಿದ ಆನೆ, ಕಿರೀಟ ಹಾಕಿದ ಮೊಲ, ಇನ್ನೂ ಏನೇನೋ. ಯಾವುದನ್ನೂ ಗೋಡೆಗೆ ಅಂಟಿಸುವ ಮನಸ್ಸಾಗಲಿಲ್ಲ. ಹೆಬ್ಬೆರಳಿನ ಬುಡ ನೋಯುತ್ತಿತ್ತು. ನೋವಿಗಿಂತ ಹೆಚ್ಚಾಗಿ, ಬೇರೆಯವರು ಕರೆತಂದ ನೆಂಟರನ್ನು ಸಾಕಿ ಸಾಕಿ ಸೋತ ಹಾಗೆ ಆಗಿತ್ತು ಅವಳಿಗೆ.

"ಒಂದು ನಂದು ಮಾಡ್ತೀನಿ ವಿಶ್ವಜಿತ್," ಎಂದಳು. "ಚಿತ್ರ ಇಲ್ಲದ್ದು. ಕಥಿ ನಾ ಬರೀತೀನಿ, ಆಮ್ಯಾಗ ಯಾರರೆ ಅದನ್ನ ನೋಡಿ ಚಿತ್ರ ಬರೀಲಿ. ಅಷ್ಟಾದ್ರ ಸಾಕು, ಮತ್ತ ನಾ ಕೇಳೂದಿಲ್ಲ."

"ಉಲ್ಟಾ ಆತಲ್ರಿ ಅಮ್ಮಾರ."

"ಮಂದಿ ಹಂಗ ಮಾಡ್ತಾರ. ನಾವು ಉಲ್ಟಾ ಮಾಡಿಕೋತ ಬಂದೀವಿ."

ಅವನು ಗೋಣು ಕೆರೆದುಕೊಂಡ. ಆ ಏಳು ಆಮೇಲೆ ಆಗಲಿ, ಇದು ಒಂದೇ ಒಂದು, ಅದೂ ಮೇ ಹತ್ತರೊಳಗೆ ಪ್ರೆಸ್ಸಿಗೆ ಹೋಗಬೇಕು, ಇಲ್ಲದಿದ್ದರೆ ಇರುವ ಏಳರಲ್ಲೇ ಯಾವುದೋ ಒಂದನ್ನು ಮುಖಪುಟಕ್ಕೆ ಹಚ್ಚಿ ಕಳಿಸುತ್ತೇನೆ ಎಂದ. ಶರಣಬಸಮ್ಮ ಒಪ್ಪಿದಳು.

ಕಥೆ ಅವಳಿಗೆ ಸುಲಭಕ್ಕೆ ಸಿಗಲಿಲ್ಲ. ಬರೀ ಗೋಡೆ ನೋಡುತ್ತ ರೊಟ್ಟಿ ಬಡಿದಳು. ಎರಡು ತಿಂಗಳ ಮೇಲೆ ಬಂತು. ಬಾವಿ ಹೊರುವವನೊಬ್ಬ ಇದ್ದಾನೆ. ಬೆನ್ನ ಮೇಲೆ ಇಡೀ ಬಾವಿಯನ್ನೇ ಹೊತ್ತು ಊರಿಂದೂರಿಗೆ ನಡೆಯುತ್ತಾನೆ. ಒಂದೂರಿಗೆ ಒಂದು ದಿನ. ಅವನು ಬಾವಿ ಇಳಿಸಿದ ದಿನ ಆ ಊರಲ್ಲಿ ಎಲ್ಲರೂ ಬಟ್ಟೆ ಒಗೆಯುತ್ತಾರೆ, ಎಮ್ಮೆ ತೊಳೆಯುತ್ತಾರೆ, ಮಕ್ಕಳು ಈಜುತ್ತವೆ, ಸಂಜೆಗೆ ಮತ್ತೆ ಹೊತ್ತು ಹೊರಡುತ್ತಾನೆ. ನಿನಗೆ ನೀರಡಿಕೆಯಾಗುವುದಿಲ್ಲವೇ ಎಂದು ಯಾರೂ ಅವನನ್ನು ಕೇಳಿಲ್ಲ. ಒಂದೂರಿನ ಹುಡುಗಿ ಕೇಳುತ್ತಾಳೆ. ಬೆನ್ನ ಮೇಲಿನದು ನನ್ನ ಕೈಗೆ ಎಟಕುವುದಿಲ್ಲವಲ್ಲ ಎನ್ನುತ್ತಾನೆ ಅವನು. ಆಗ ಆ ಊರಿನವರು ಅವನಿಗೆ ನೀರು ಕುಡಿಸಿ, ಬಾವಿಯ ಕಟ್ಟೆಯ ಮೇಲೆ ಮಲಗಿಸಿ, ಮುಂದಿನ ಊರಿನ ತನಕ ಬಾವಿಯನ್ನು ತಾವೇ ಹೊರುತ್ತಾರೆ. ಇಪ್ಪತ್ತನಾಲ್ಕು ಪುಟಕ್ಕೆ ಕಥೆ ಮುಗಿಯಿತು. ಮೂವತ್ತೆರಡಕ್ಕೆ ಎಳೆಯಲು ಅವಳು ಹೋಗಲಿಲ್ಲ.

ಚಿತ್ರಕ್ಕೆಂದು ವಿಶ್ವಜಿತ್ ಅಮರಯ್ಯನನ್ನು ಕಳಿಸಿದ. ಬೀದರದ ಕಡೆಯವನು, ಅರವತ್ತರ ಆಸುಪಾಸು. ಒಂದು ಕಾಲಕ್ಕೆ ಬೇಗಂ ಬಜಾರಿನ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ ಇದ್ದವು. ಫ್ಲೆಕ್ಸು ಬಂದ ಮೇಲೆ ಗಾಡಿಗಳ ನಂಬರ್ ಪ್ಲೇಟು ಬರೆಯುತ್ತಿದ್ದ. ಬಂದವನು ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ನೋಟುಬುಕ್ಕನ್ನು ಎರಡು ಸಲ ಓದಿದ. ಶರಣಬಸಮ್ಮ ತೊಳೆದ ಚಹಾದ ಲೋಟವನ್ನೇ ಮತ್ತೆ ತೊಳೆದಳು. ಇನ್ನೂರಾ ಹದಿನಾರು ಬರೆದರೂ ಬರೆದದ್ದನ್ನು ಎದುರಿಗೆ ಕೂತು ಓದಿದವರು ಕಡಿಮೆ.

"ಕಥಿ ಛಲೋ ಐತ್ರಿ ಅಕ್ಕಾರ," ಎಂದ ಅಮರಯ್ಯ. "ಒಂದ್ ಮಾತು. ಇವಗ ಕೈ ಎಷ್ಟು?"

"ಎಷ್ಟಂದ್ರ? ಬರದಿಲ್ಲೇನು?"

"ಇಲ್ರಿ."

"ಕೋರಿ ಮೀಸಿ, ಹಲ್ಲು, ಬಣ್ಣ?"

"ಏನೂ ಇಲ್ರಿ. ಮನಿಷ್ಯಾನೋ, ದೆವ್ವಾನೋ, ಅದೂ ಇಲ್ಲ. ಮೊದಲನೇ ಸಾಲಿನಾಗ 'ಮುಖಪುಟದ ಮೇಲೆ ನಿಂತಿದ್ದಾನಲ್ಲ, ಅವನೇ' ಅಂದೀರಿ. ನಾ ಮುಖಪುಟ ಬರ್ಯಾಕ ಕಥಿ ನೋಡಾಕತ್ತೀನಿ, ಕಥಿ ನೋಡಿದ್ರ ಮುಖಪುಟ ನೋಡು ಅಂತೈತಿ."

ಶರಣಬಸಮ್ಮ ನೋಟುಬುಕ್ಕು ಕಿತ್ತುಕೊಂಡು ತಿರುವಿದಳು. ಹೌದು. ಅವನು ನಡೆಯುತ್ತಾನೆ, ಇಳಿಸುತ್ತಾನೆ, ಏದುಸಿರು ಬಿಡುತ್ತಾನೆ, ಆದರೆ ಅವನು ಹೇಗಿದ್ದಾನೆಂದು ಒಂದು ಮಾತಿಲ್ಲ. ಅಮರಯ್ಯ ಹೋದ ಮೇಲೆ ಟ್ರಂಕು ತೆಗೆದು ಹಳೆಯ ಪುಸ್ತಕಗಳನ್ನು ನೋಡಿದಳು. ಯಾವುದರಲ್ಲೂ ಇರಲಿಲ್ಲ. ಅಷ್ಟು ರಾಕ್ಷಸರು, ಅಷ್ಟು ರಾಣಿಯರು, ಒಬ್ಬರಿಗೂ ಅವಳು ಮೂಗು ಕೊಟ್ಟಿರಲಿಲ್ಲ. ಕೊಡುವ ಕೆಲಸವೇ ಬಿದ್ದಿರಲಿಲ್ಲ, ಎಲ್ಲ ಮೊದಲೇ ರಟ್ಟಿನ ಮೇಲೆ ಇರುತ್ತಿತ್ತು. ಮೂವತ್ತಾರು ವರ್ಷದ ರೂಢಿ ಈ ಒಂದರೊಳಗೂ ಹೊಕ್ಕಿತ್ತು.

ಆ ದಿನ ಏಪ್ರಿಲ್ ಇಪ್ಪತ್ತೆಂಟು. ಉಳಿದದ್ದು ಹನ್ನೆರಡು ದಿನ.

ಅವಳು ಕಣ್ಣು ಮುಚ್ಚಿ ಕೂತಳು. ಮುಖವೊಂದು ಬರುತ್ತಿತ್ತು, ಆದರೆ ನೋಡಿದರೆ ಅದು ಮಡಕೆಯ ರಾಕ್ಷಸನ ಮೂಗು. ಅದನ್ನು ಅಳಿಸಿದರೆ ಹಸಿರು ದೈತ್ಯನ ಕಿವಿ ಬರುತ್ತಿತ್ತು. ಹಲ್ಲು ಇನ್ಯಾವನದೋ. ತನ್ನದು ಎಂಬ ಒಂದು ಹುಬ್ಬು ಕೂಡ ಬರಲಿಲ್ಲ. ಅಮರಯ್ಯ ಎರಡು ಸಲ ಬಂದು ಬರಿಗೈಯಲ್ಲಿ ಹೋದ. ಮಂದಾರ ಆಫೀಸಿನಿಂದ ಬಂದವಳು ತಾಯಿ ಊಟ ಬಿಟ್ಟು ಕೂತದ್ದನ್ನು ನೋಡಿ, "ಫೋನಿನಾಗ ಹಾಕಿದ್ರ ಅದ ಚಿತ್ರ ಮಾಡಿ ಕೊಡ್ತೈತವ್ವಾ, ಎರಡು ಮಿನಿಟಿನ ಕೆಲಸ" ಎಂದಳು.

"ಅದಕ್ಕ ಏನಂತ ಹೇಳಬೇಕು?"

"ಅವ ಹೆಂಗದಾನ ಅಂತ ಹೇಳಬೇಕು."

"ಅದು ಗೊತ್ತಿದ್ರ ಅಮರಯ್ಯಗ ಹೇಳ್ತಿದ್ದಿಲ್ಲೇನು?"

ಮಂದಾರ ನಕ್ಕು ತಟ್ಟೆ ತಂದಿಟ್ಟಳು. "ಬಿಡವ್ವಾ, ಸಾಕು. ಎಷ್ಟ್ ಬರದಿ. ಆನೀದು ಹಚ್ಚಲಿ ಬಿಡು, ಮಕ್ಕಳಿಗೆ ಏನ್ ಗೊತ್ತಾಗ್ತೈತಿ."

"ಮಕ್ಕಳಿಗೆ ಗೊತ್ತಾಗೂದಿಲ್ಲ," ಎಂದಳು ಶರಣಬಸಮ್ಮ. ತುತ್ತು ಕಲಸುತ್ತಲೇ ಇದ್ದಳು.

ಮೇ ಎಂಟರ ಮಧ್ಯಾಹ್ನ ವಿಶ್ವಜಿತ್ ಫೋನು ಮಾಡಿ, ನಾಡಿದ್ದು ಪ್ರೆಸ್ಸಿಗೆ ಕೊಡುತ್ತೇನೆ, ಬಲೂನಿನ ಆನೆ ತೆಗೆದಿಟ್ಟಿದ್ದೇನೆ, ಸಿಟ್ಟಾಗಬೇಡಿ ಎಂದ. ಅದೇ ಹೊತ್ತಿಗೆ ಅಮರಯ್ಯ ಮೆಟ್ಟಿಲು ಹತ್ತಿ ಬಂದ. ಬಿಸಿಲಿಗೆ ಅಂಗಿಯೆಲ್ಲ ಒದ್ದೆ. ನೀರು ಕುಡಿದು ಗೋಡೆಗೆ ಒರಗಿ ಕೂತ.

"ಅಯ್ಯಾರ, ನನ್ನ ಕೈಲೆ ಆಗೂದಿಲ್ಲ," ಎಂದಳು ಅವಳು. "ಮುಖ ಬರವಲ್ದು."

"ಮುಖ ಬ್ಯಾಡ ಬಿಡ್ರಿ. ಮುಖ ಮಾಡಾವ ನಾನೂ ಅಲ್ಲ, ನಾ ಅಕ್ಷರ ಬರದಾವ." ಅಮರಯ್ಯ ಪೆನ್ಸಿಲು ಮಸೆದ. "ಬಾವಿ ಇಳಸ್ತಾನಲ್ಲ, ಅದು ಹೆಂಗ ಇಳಸ್ತಾನ ಹೇಳ್ರಿ. ಧಪ್ ಅಂತ ಒಗೀತಾನೇನು?"

"ಒಗ್ಯಾಂಗಿಲ್ಲ," ಎಂದಳು ಅವಳು ತಟ್ಟನೆ. "ಒಗದ್ರ ನೀರು ತುಳುಕ್ತೈತಿ. ಮೊದಲ ಬಲಗಾಲು ಮಡಚತಾನ. ಎಡಗೈ ಗ್ವಾಡಿಗೆ ಹಚ್ತಾನ. ಹಚ್ಚಿ ಹಂಗ ನಿಂದರತಾನ ಒಂದ್ ಚಣ, ಉಸಿರು ತಗೋತಾನ. ಆಮ್ಯಾಗ ಹಗೂರಕ ಇಳಸ್ತಾನ."

ಅಮರಯ್ಯನ ಪೆನ್ಸಿಲು ಓಡತೊಡಗಿತು. "ಹೆಗಲು?"

"ಎಡಹೆಗಲು ತಗ್ಗು. ಭಾಳ ವರ್ಷ ಅದ ಹೆಗಲಿನ ಮ್ಯಾಲೆ ಹೊತ್ತಾನಲ್ಲ. ಅಂಗಿ ಅಲ್ಲೇ ಹರೀತಿತ್ತು ಯಾವಾಗ್ಲೂ, ಎಷ್ಟ್ ತ್ಯಾಪಿ ಹಚ್ಚಿದ್ರೂ. ಕುತ್ತಿಗಿ ಹಿಂದ ಎರಡು ಗೆರಿ. ಕೂದಲ ಕೆಳಗ ಸ್ವಲ್ಪ ಬೆಳ್ಳಗ, ಬಿಸಲು ಬೀಳದಲ್ಲೆ."

ಹೇಳುತ್ತಿರುವುದು ಯಾರ ಬೆನ್ನು ಎಂಬುದು ಅರ್ಧ ದಾರಿಯಲ್ಲಿ ಅವಳಿಗೇ ತಿಳಿಯಿತು. ಈ ಮನೆಗೆ ಬಂದ ಹೊಸದರಲ್ಲಿ ಮೇಲಿನ ತನಕ ನೀರು ಏರುತ್ತಿರಲಿಲ್ಲ. ಗುರುಬಸವ ಕೆಲಸದಿಂದ ಬಂದವನು ಚಹಾ ಕುಡಿಯುವ ಮೊದಲು ಕೆಳಗಿನ ಬೋರಿನಿಂದ ಆರು ಡಬ್ಬಿ ನೀರು ತರುತ್ತಿದ್ದ. ಕಾರ್ಖಾನೆಯವೇ ಎಣ್ಣೆ ಡಬ್ಬಿಗಳು. ಮಗುವನ್ನು ಎತ್ತಿಕೊಂಡು ಅವಳು ಹಿಂದೆ ಹಿಂದೆ ಮೆಟ್ಟಿಲು ಹತ್ತುತ್ತಿದ್ದಳು. ಹದಿನಾಲ್ಕು ವರ್ಷ ಹಾಗೆ. ಮುಂದೆ ಅವನ ಬೆನ್ನು, ಹಿಂದೆ ಅವಳು.

ಅಮರಯ್ಯ ತಲೆ ಎತ್ತಲಿಲ್ಲ, ಯಾರೆಂದು ಕೇಳಲೂ ಇಲ್ಲ. "ಹಿಂಬಡ?" ಎಂದ.

"ಒಡದಾವ," ಎಂದಳು ಅವಳು. "ಎಡಗಾಲಿಂದು ಜಾಸ್ತಿ."

ಗಂಟೆಯ ಮೇಲೆ ಅವನು ಹಾಳೆ ತಿರುಗಿಸಿ ತೋರಿಸಿದ. ಬಾವಿ ಹೊತ್ತವನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಒಂದು ಕೈ ಗೋಡೆಗೆ, ಒಂದು ಕಾಲು ಮಡಚಿ. ಬಾವಿಯ ಕಲ್ಲುಗಳ ನಡುವಿಂದ ನೀರು ಜಿನುಗಿ ಅವನ ಅಂಗಿಯ ತೇಪೆಯ ಮೇಲೆ ಇಳಿದಿತ್ತು. ಅವಳು ಬಹಳ ಹೊತ್ತು ನೋಡಿದಳು.

"ಕಿವಿ ದೊಡ್ಡದಾತು," ಎಂದಳು ಕೊನೆಗೆ.

"ಎಷ್ಟ್ ಕಮ್ಮಿ ಮಾಡ್ಲಿ?"

"ಸ್ವಲ್ಪ. ಹ್ಞೂಂ, ಅಷ್ಟ ಸಾಕು."

ವಿಶ್ವಜಿತ್ ಚಿತ್ರ ನೋಡಿ, ಮುಖವೇ ಇಲ್ಲವಲ್ಲ, ಯಾರು ಕೊಳ್ಳುತ್ತಾರೆ ಎಂದ. ಅಮರಯ್ಯ ಅವನಿಗೆ ಏನು ಹೇಳಿದನೋ, ಅಂತೂ ಮೇ ಹತ್ತಕ್ಕೆ ಅದು ಪ್ರೆಸ್ಸಿಗೆ ಹೋಯಿತು. ಜೂನ್‌ನ ಮೊದಲ ವಾರ ಹತ್ತು ಪ್ರತಿ ಕಟ್ಟು ಮಾಡಿ ವಿಶ್ವಜಿತ್ ತಾನೇ ತಂದ. ಶರಣಬಸಮ್ಮ ಕೈ ಒರೆಸಿಕೊಂಡು ಒಂದನ್ನು ಎತ್ತಿಕೊಂಡಳು. ಇಪ್ಪತ್ತನಾಲ್ಕನೆಯ ಪುಟದ ಮೇಲೆ ಕಥೆ ಮುಗಿದಿತ್ತು. ಇಪ್ಪತ್ತೈದರಿಂದ ಎರಡೊಂದ್ಲಿ ಎರಡು ಎಂದು ಮಗ್ಗಿ ಶುರುವಾಗಿ, ಕೊನೆಯ ಪುಟದಲ್ಲಿ ಇಪ್ಪತ್ತರ ಮಗ್ಗಿಗೆ ನಿಂತಿತ್ತು.

"ಎಂಟು ಪುಟ ಖಾಲಿ ಉಳದಿದ್ವು ಅಮ್ಮಾರ," ಎಂದ ವಿಶ್ವಜಿತ್, ಬೈಗುಳ ತಪ್ಪಿಸಿಕೊಳ್ಳುವವನಂತೆ ಬಾಗಿಲ ಬಳಿಯೇ ನಿಂತು. "ಖಾಲಿ ಬಿಟ್ರ ಮಂದಿ ಮೋಸ ಅಂತಾರ. ಆದ್ರ ಒಂದು ಕೇಳ್ರಿ. ಸೇಡಂನ ಒಂದು ಸಾಲಿಯವ್ರು ಮುನ್ನೂರು ಕಳಸು ಅಂದಾರ. ಇಷ್ಟು ಒಂದ್ ಸಾಲಿಗೆ ಯಾವತ್ತೂ ಹೋಗಿದ್ದಿಲ್ಲ."

"ಮಗ್ಗಿಗೆ ಕೇಳ್ಯಾರೇನು?"

ಅವನು ಸುಳ್ಳು ಹೇಳಲು ನೋಡಿದ, ಬರಲಿಲ್ಲ. "ಮಗ್ಗಿಗೇ ರಿ."

ಶರಣಬಸಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬೇಕಾದ ತ್ರಾಣ ಇರಲಿಲ್ಲ. ಮೊದಲ ಪುಟ ತೆರೆದಳು. 'ಮುಖಪುಟದ ಮೇಲೆ ನಿಂತಿದ್ದಾನಲ್ಲ, ಅವನೇ ಈ ಕಥೆಯವನು.' ತಿದ್ದಬೇಕೆಂದು ಅಂದುಕೊಂಡಿದ್ದಳು, ಗಡಿಬಿಡಿಯಲ್ಲಿ ಉಳಿದುಹೋಗಿತ್ತು. ಪುಸ್ತಕ ಮುಚ್ಚಿ ಮುಖಪುಟ ನೋಡಿದಳು. ನಿಂತಿದ್ದ.

"ಮುನ್ನೂರು ಹುಡುಗರು," ಎಂದಳು. "ಹದಿನೇಳರ ಮಗ್ಗಿ ಬಾಯಿಗೆ ಬರೂತನಕ ಪುಸ್ತಕ ಕೈಯಾಗ ಇರ್ತೈತಲ್ಲ. ಬ್ಯಾಸರಾದಾಗ ಒಂದೆರಡು ಪುಟ ಹಿಂದ ತಿರುವ್ತಾವ. ಇರಲಿ."

"ಹಂಗಾದ್ರ ಆ ಏಳು ಚಿತ್ರ? ಆನೀದು, ಮೊಲದ್ದು?"

"ತಗೊಂಡು ಹೋಗು."

"ಅಮ್ಮಾರ, ಯಾರ ಹಂತ್ಯಾಕ ಹೋಗ್ಲಿ ನಾ?"

"ಯಾವಾಕಿರೆ ಮಗಳ ಕೈ ಹಿಡಕೊಂಡು ಸ್ಲೇಟ್ ತಗೋಳಾಕ ಬರ್ತಾಳ, ಆಕೀನ ಕೇಳು. ನನಗ ದಣಿವಾಗೈತಪ್ಪಾ."

ಅವನು ಏಳು ಚಿತ್ರಗಳನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಇಳಿದು ಹೋದ. ಮಂದಾರ ಬರಲು ಇನ್ನೂ ಮೂರು ತಾಸಿತ್ತು. ಜೋಳದ ಹಿಟ್ಟು ಕಲಸಬೇಕಿತ್ತು, ಒಣಗಿದ ಬಟ್ಟೆ ತೆಗೆಯಬೇಕಿತ್ತು. ಶರಣಬಸಮ್ಮ ಯಾವುದಕ್ಕೂ ಏಳಲಿಲ್ಲ. ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು, ಸೆರಗು ಮುಖದ ಮೇಲೆ ಎಳೆದುಕೊಂಡು, ತಂಪಾದ ನೆಲದ ಮೇಲೆ ಕಾಲು ಚಾಚಿ ಮಲಗಿಕೊಂಡಳು.